ಹಳೆಯ ಸೀರೆ ತುಂಡುಗಳ ಕೌದಿಗೆ ಎಂತಹ ಪ್ಲೇನ್ ಬಟ್ಟೆಯ ಒಡಲು?

ಪ್ರಶ್ನೆ, ತೀರ್ಥಹಳ್ಳಿಯಿಂದ

ಅಮ್ಮ ಉಟ್ಟು ಹಳತಾದ ಹತ್ತಿ ಸೀರೆಗಳಿಂದ ಇಬ್ಬರು ಹೊದೆಯುವಷ್ಟು ದೊಡ್ಡ ಕೌದಿಯೊಂದನ್ನು, ಅಂದರೆ ಸುಮಾರು 90 ಇಂಚು ಅಗಲ ಮತ್ತು 100 ಇಂಚು ಉದ್ದದ್ದನ್ನು, ಹೊಲಿಯಬೇಕೆಂದಿದ್ದೇನೆ. ಒಂದು ಚೌಕ ಸೀರೆಯದು, ಅದರ ಪಕ್ಕದ ಚೌಕ ಪ್ಲೇನ್ ಬಟ್ಟೆಯದು ಎಂಬ ಕ್ರಮವನ್ನು ಯೋಚಿಸಿದ್ದೇನೆ. ಸೀರೆಗಳಲ್ಲಿ ಕುಂಕುಮಗೆಂಪು, ಅರಿಸಿನ, ಗಿಳಿಹಸಿರು, ಸಣ್ಣ ಹೂವಿನ ಅಚ್ಚು, ಚೌಕುಳಿ ಎಲ್ಲವೂ ಇವೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೋರಾ (ಬ್ಲೀಚ್ ಮಾಡದ ಹತ್ತಿ ಬಟ್ಟೆ), ಪಾಪ್ಲಿನ್, ರವಿಕೆಯ ಟೂ ಬೈ ಟೂ ಮತ್ತು ಲೈನಿಂಗ್ ಬಟ್ಟೆಗಳನ್ನು ತೋರಿಸಿದರು. ಬಣ್ಣದಲ್ಲಿ ಬಿಳಿ, ಹಾಫ್‌ವೈಟ್ ಮತ್ತು ನೇವಿ ಬ್ಲೂಗಳ ನಡುವೆ ಮನಸ್ಸು ತೂಗುತ್ತಿದೆ. ನಮ್ಮ ಮಳೆಗಾಲದಲ್ಲಿ ಬಿಳಿ ಬಟ್ಟೆಗೆ ಬೂಷ್ಟು ಹಿಡಿದೀತೆಂಬ ಅಳುಕೂ ಇದೆ. ಯಾವ ಬಟ್ಟೆ, ಯಾವ ಬಣ್ಣ, ಎಷ್ಟು ಮೀಟರ್ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ, ಸಾಗರದಿಂದ

ಬಣ್ಣಕ್ಕೂ ಮೊದಲು ಬಟ್ಟೆಯ ದಪ್ಪವನ್ನು ನಿರ್ಧರಿಸಿಕೊಳ್ಳಿ. ನಿಮ್ಮ ತುಂಡುಗಳು ವರ್ಷಗಟ್ಟಲೆ ಒಗೆದು ಮೆತ್ತಗಾದ ಸೀರೆಯವು. ಅವುಗಳ ಪಕ್ಕಕ್ಕೆ ದಪ್ಪ ಕೇಸ್‌ಮೆಂಟನ್ನೋ ಒರಟು ಖಾದಿಯನ್ನೋ ಜೋಡಿಸಿದರೆ ಎಳೆತವೆಲ್ಲ ಸೀರೆಯ ಮೇಲೆಯೇ ಬಿದ್ದು, ಹೊಲಿಗೆಯ ಪಕ್ಕದಲ್ಲೇ ಅದು ಹರಿಯತೊಡಗುತ್ತದೆ. ಟೂ ಬೈ ಟೂ ಇದಕ್ಕೆ ತೀರಾ ತೆಳು. ತಿಳಿ ಬಣ್ಣದ್ದನ್ನು ತೆಗೆದುಕೊಂಡರೆ ಒಳಗೆ ಮಡಚಿದ ಕೆಂಪು, ಹಸಿರು ಅಂಚುಗಳೆಲ್ಲ ಹೊರಗಿನಿಂದಲೇ ಕಾಣುತ್ತವೆ. ಲೈನಿಂಗ್ ಬಟ್ಟೆಗಳಲ್ಲಿ ಪಾಲಿಯೆಸ್ಟರ್ ಬೆರೆತಿರುವುದುಂಟು. ನಾಲ್ಕು ಎಳೆಗಳನ್ನು ಬಿಡಿಸಿ ಸುಟ್ಟು ನೋಡಿದರೆ, ಶುದ್ಧ ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ, ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಆದ್ದರಿಂದ ಶುದ್ಧ ಹತ್ತಿಯ ಪಾಪ್ಲಿನ್ ಅಥವಾ ಕೇಂಬ್ರಿಕ್ ನಿಮ್ಮ ಕೆಲಸಕ್ಕೆ ಸರಿಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಬಣ್ಣದ ವಿಚಾರ. ಒಡಲಿನ ಮೇಲೆ ತುಂಡುಗಳು ಎದ್ದು ಕಾಣುವುದು ಬಣ್ಣಗಳು ಬೇರೆಬೇರೆಯಾಗಿರುವುದರಿಂದಷ್ಟೇ ಅಲ್ಲ, ಅವುಗಳ ತಿಳಿ-ಗಾಢಗಳ ಅಂತರದಿಂದ. ತುಂಡುಗಳನ್ನು ನೆಲದ ಮೇಲೆ ಹರಡಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆದು ನೋಡಿ. ಕುಂಕುಮಗೆಂಪು ಮತ್ತು ಗಿಳಿಹಸಿರು ಕಣ್ಣಿಗೆ ಎಷ್ಟು ದೂರವೆನಿಸಿದರೂ ಚಿತ್ರದಲ್ಲಿ ಹತ್ತಿರ ಹತ್ತಿರದ ಬೂದು ಬಣ್ಣಗಳಾಗಬಹುದು. ಅರಿಸಿನವಂತೂ ಬಹುತೇಕ ಬಿಳಿಯ ಹತ್ತಿರಕ್ಕೆ ಬರುತ್ತದೆ. ಹಾಫ್‌ವೈಟ್ ಒಡಲಿನಲ್ಲಿ ಕರಗಿಹೋಗುವುದು ಆ ಅರಿಸಿನದ ಚೌಕಗಳೇ. ನಿಮ್ಮಲ್ಲಿ ಅರಿಸಿನ ಹೆಚ್ಚಾಗಿದ್ದರೆ ನಾನಾಗಿದ್ದರೆ ನೇವಿಯನ್ನೇ ಆರಿಸುತ್ತಿದ್ದೆ. ತುಂಡುಗಳನ್ನು ಅಂಗಡಿಗೆ ಒಯ್ದು, ಬಟ್ಟೆಯ ಥಾನನ್ನು ಬಾಗಿಲಿನ ಹೊರಗಿನ ಬೆಳಕಿಗೆ ತರಿಸಿ ನೋಡಿ. ಟ್ಯೂಬ್‌ಲೈಟಿನ ಕೆಳಗೆ ನೇವಿಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಉತ್ತರ, ಕೊಪ್ಪದಿಂದ

ದಪ್ಪದ ಬಗ್ಗೆ ಸಾಗರದವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ, ನೇವಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಅಗತ್ಯ. ಕೌದಿಯಲ್ಲಿ ಬಣ್ಣ ಬಿಡುವುದು ಹಳೆಯ ಸೀರೆ ಎಂದು ನಾವು ಹೆದರುತ್ತೇವೆ, ಆದರೆ ಅದು ಬಿಡಬೇಕಾದ ಬಣ್ಣವನ್ನು ಬಹುಪಾಲು ಬಿಟ್ಟಾಗಿರುತ್ತದೆ. ಅಪಾಯವಿರುವುದು ಹೊಸದಾಗಿ ತಂದ ಗಾಢ ಬಣ್ಣದ ಪ್ಲೇನ್ ಬಟ್ಟೆಯಲ್ಲಿ. ಒದ್ದೆ ಬಿಳಿ ಬಟ್ಟೆಯಿಂದ ಅದನ್ನು ಚೆನ್ನಾಗಿ ಉಜ್ಜಿ ನೋಡಿ. ಆಮೇಲೆ ಅಂಗೈಯಗಲದ ತುಂಡೊಂದನ್ನು ಸೋಪಿನಪುಡಿ ಬೆರೆಸಿದ ಬಿಸಿನೀರಿನಲ್ಲಿ ಬಿಳಿ ಚಿಂದಿಯೊಂದಿಗೆ ಅರ್ಧ ಗಂಟೆ ನೆನೆಹಾಕಿ. ಚಿಂದಿಗೆ ಬಣ್ಣ ಹತ್ತಿದರೆ ಆ ಥಾನನ್ನು ಬಿಟ್ಟುಬಿಡುವುದೇ ಒಳ್ಳೆಯದು. ಉಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆಂದು ಹಲವರು ಹೇಳುತ್ತಾರಾದರೂ ಇಂದಿನ ಗಿರಣಿ ಬಟ್ಟೆಗಳ ಬಣ್ಣಕ್ಕೆ ಅದರಿಂದ ಪ್ರಯೋಜನವಿಲ್ಲ.

ಬೂಷ್ಟಿನ ವಿಷಯದಲ್ಲಿ ಬಿಳಿಯನ್ನು ದೂರುವುದು ನ್ಯಾಯವಲ್ಲ. ಬೂಷ್ಟು ಬೆಳೆಯುವುದು ತೇವದಿಂದ ಮತ್ತು ಬಟ್ಟೆಯಲ್ಲಿರುವ ಗಂಜಿಯಿಂದ. ಬಿಳಿಯ ಮೇಲೆ ಅದರ ಕಪ್ಪು ಚುಕ್ಕೆಗಳು ಬೇಗ ಕಾಣುತ್ತವೆ, ಗಾಢ ಬಟ್ಟೆಯ ಮೇಲೆ ಬೂದಿಯಂತೆ ಕೂತಿರುತ್ತದೆ. ಕೋರಾದಲ್ಲಿ ಮಗ್ಗದ ಗಂಜಿ ಹಾಗೆಯೇ ಉಳಿದಿರುವುದರಿಂದ ಅದನ್ನು ಆರಿಸುವುದಾದರೆ ಎರಡು ಸಲ ಬಿಸಿನೀರಿನಲ್ಲಿ ಒಗೆಯಲೇಬೇಕು. ಯಾವ ಬಟ್ಟೆಯಾದರೂ ಕತ್ತರಿಸುವ ಮುನ್ನ ಒಗೆದು ಇಸ್ತ್ರಿ ಮಾಡಿ, ಏಕೆಂದರೆ ಹೊಸ ಹತ್ತಿ ಬಟ್ಟೆ ಸಾಮಾನ್ಯವಾಗಿ ಶೇಕಡಾ 3ರಿಂದ 5ರಷ್ಟು ಕುಗ್ಗುತ್ತದೆ, ನಿಮ್ಮ ಸೀರೆಗಳು ಇನ್ನು ಕುಗ್ಗುವುದಿಲ್ಲ. ಒಗೆಯದೆ ಹೊಲಿದರೆ ಮೊದಲ ಒಗೆತದಲ್ಲೇ ಸೀರೆಯ ಚೌಕಗಳು ಸುಕ್ಕುಗಟ್ಟಿ ಉಬ್ಬುತ್ತವೆ. ಸಾಧ್ಯವಾದರೆ ಈ ಕೆಲಸವನ್ನು ಬಿಸಿಲಿರುವ ಮಾಘ, ಫಾಲ್ಗುಣದಲ್ಲಿ ಮುಗಿಸಿಕೊಳ್ಳಿ.

ಉತ್ತರ, ಹೊಸನಗರದಿಂದ

ಗಿರಣಿ ಬಟ್ಟೆಯೇ ಬೇಕೆಂದಿಲ್ಲವಾದರೆ ಕೈಮಗ್ಗದ್ದನ್ನೂ ಒಮ್ಮೆ ನೋಡಿ. ಹೆಗ್ಗೋಡಿನ ಸಮೀಪದ ಭೀಮನಕೋಣೆಯ ಚರಕ ಸಂಸ್ಥೆಯವರು ಅಡಿಕೆ ಚೊಗರು (ಅಡಿಕೆ ಬೇಯಿಸಿದಾಗ ಉಳಿಯುವ ಒಗರು ನೀರು) ಮೊದಲಾದ ಸಹಜ ಬಣ್ಣಗಳನ್ನು ಹತ್ತಿಗೆ ಹಾಕುತ್ತಾರೆ. ಚೊಗರಿನ ಕಂದು ಬಣ್ಣ ಅರಿಸಿನವನ್ನೂ ಗಿಳಿಹಸಿರನ್ನೂ ಬಹಳ ಚೆನ್ನಾಗಿ ಎತ್ತಿ ತೋರಿಸುತ್ತದೆ. ಕುಂಕುಮಗೆಂಪಿನ ಪಕ್ಕದಲ್ಲಿ ಮಾತ್ರ ಅಂತರ ಸಾಕಾಗದಿರಬಹುದು. ಸಹಜ ಬಣ್ಣದಲ್ಲಿ ಒಂದು ಸಲ ಅದ್ದಿದ್ದಕ್ಕೂ ಇನ್ನೊಂದು ಸಲ ಅದ್ದಿದ್ದಕ್ಕೂ ಛಾಯೆ ಬದಲಾಗುತ್ತದೆ, ಆದ್ದರಿಂದ ಬೇಕಾದಷ್ಟನ್ನೂ ಒಂದೇ ಥಾನಿನಿಂದ ಕೊಳ್ಳಬೇಕು. ಚೊಗರಿನ ಒಗರು ಕಬ್ಬಿಣದ ಸಂಪರ್ಕಕ್ಕೆ ಬಂದರೆ ಕಪ್ಪಾಗುತ್ತದೆ. ತುಕ್ಕು ಹಿಡಿದ ಬಕೆಟ್ಟಿನಲ್ಲಿ ನೆನೆಹಾಕಬೇಡಿ, ಕಬ್ಬಿಣದ ಅಂಶವಿರುವ ಕೊಳವೆಬಾವಿಯ ನೀರನ್ನೂ ಬಳಸಬೇಡಿ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕಪ್ಪು-ಬಿಳುಪು ಚಿತ್ರ ತೆಗೆದು ನೋಡಿದೆ. ಅರಿಸಿನದ ತುಂಡುಗಳು ನಾನೆಣಿಸಿದ್ದಕ್ಕಿಂತ ಹೆಚ್ಚಾಗಿಯೇ ಇವೆ, ಹಾಫ್‌ವೈಟಿನ ಆಸೆ ಬಿಟ್ಟಿದ್ದೇನೆ. ಉಜ್ಜಿ ಪರೀಕ್ಷಿಸಿ ನೇವಿ ಪಾಪ್ಲಿನ್ ಕೊಳ್ಳುತ್ತೇನೆ. ಚೌಕ 9 ಇಂಚಿನದಾದರೆ ಎಷ್ಟು ಮೀಟರ್ ಬೇಕಾದೀತು?

ಉತ್ತರ, ಸಾಗರದಿಂದ

ಅಡ್ಡಕ್ಕೆ 10, ಉದ್ದಕ್ಕೆ 11 ಚೌಕಗಳಿಟ್ಟರೆ 90 ಇಂಚು ಅಗಲ, 99 ಇಂಚು ಉದ್ದ ಬರುತ್ತದೆ. ಒಟ್ಟು 110 ಚೌಕಗಳಲ್ಲಿ ಪ್ಲೇನ್ ಬಟ್ಟೆಯವು 55. ನಾಲ್ಕೂ ಬದಿಗೆ ಕಾಲು ಇಂಚಿನ ಮಾರ್ಜಿನ್ ಬಿಟ್ಟು ಒಂಬತ್ತೂವರೆ ಇಂಚಿಗೆ ಕತ್ತರಿಸಬೇಕು. 44 ಇಂಚು ಅಗಲದ ಬಟ್ಟೆಯಲ್ಲಿ ಸಾಲಿಗೆ ನಾಲ್ಕರಂತೆ 14 ಸಾಲುಗಳಿಗೆ 133 ಇಂಚು ಬೇಕಾಗುತ್ತದೆ. ಕುಗ್ಗುವುದನ್ನೂ ಸೇರಿಸಿ 4 ಮೀಟರ್ ತೆಗೆದುಕೊಳ್ಳಿ. 36 ಇಂಚಿನ ಅಗಲವಾದರೆ ಸಾಲಿಗೆ ಮೂರೇ ಚೌಕಗಳು ಸಿಗುವುದರಿಂದ ಐದೂವರೆ ಮೀಟರ್ ಬೇಕು. ಅಂಚುಪಟ್ಟಿಗೂ ಅದೇ ಬಟ್ಟೆಯಾದರೆ ಇನ್ನೊಂದು ಮೀಟರ್ ಸೇರಿಸಿ ಒಂದೇ ಥಾನಿನಿಂದ ಹರಿಸಿಕೊಳ್ಳಿ. ಹೊಲಿದ ಮೇಲೆ ಮಾರ್ಜಿನನ್ನು ನೇವಿಯ ಕಡೆಗೆ ಮಡಚಿ ಇಸ್ತ್ರಿ ಹಾಕಿದರೆ ಅರಿಸಿನದ ತುಂಡುಗಳ ಕೆಳಗೆ ನೀಲಿ ಗೆರೆ ಕಾಣುವುದಿಲ್ಲ.