ಅಪ್‌ಡೇಟ್: ಚಟನೂಗಕ್ಕೆ ಬಂದು ಎಂಟು ತಿಂಗಳಾಯಿತು

ಅಟ್ಲಾಂಟಾ ಬಿಟ್ಟು ಅಮೆರಿಕದ ಟೆನೆಸಿ ರಾಜ್ಯದ ಚಟನೂಗಕ್ಕೆ ಹೋಗಲೇ, ಬೇಜಾರಾಗುತ್ತಾ ಎಂದು ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಬಂದೇಬಿಟ್ಟೆವು.

ಇಂಟರ್ನೆಟ್ ಚೆನ್ನಾಗಿದೆ ಎಂದು ನೀವು ಹೇಳಿದ್ದು ನಿಜ. ಊರಿನದೇ ಕರೆಂಟ್ ಕಂಪನಿ 2010ರಲ್ಲೇ ಮನೆಮನೆಗೆ ಗಿಗಾಬಿಟ್ ವೇಗದ ಫೈಬರ್ ಕೊಟ್ಟಿತ್ತು. ಮನೆಯಿಂದಲೇ ಕೆಲಸ ಮಾಡುವ ನನಗೆ ಅಷ್ಟು ಸಾಕು. ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ. ಆದರೆ ಅಂಗಡಿಗೆ ಹೋದರೆ ಮಾರಾಟ ತೆರಿಗೆ ಶೇ. 9 ದಾಟುತ್ತದೆ, ದಿನಸಿಗೂ ಬಿಟ್ಟಿಲ್ಲ, ದರ ಸ್ವಲ್ಪ ಕಡಿಮೆ ಅಷ್ಟೇ!

ಸಂಜೆಯಾದರೆ ವಾಲ್ನಟ್ ಸ್ಟ್ರೀಟ್ ಸೇತುವೆ. ಹಳೇ ಕಾಲದ ಕಬ್ಬಿಣದ ಸೇತುವೆ, 1993ರಿಂದ ನಡೆಯುವವರಿಗೇ ಮೀಸಲು. ಕೆಳಗೆ ಟೆನೆಸಿ ನದಿ, ಆಚೆ ಲುಕೌಟ್ ಬೆಟ್ಟ. ಎದುರು ಸಿಕ್ಕವರೆಲ್ಲ ಮಾತಾಡಿಸುತ್ತಾರೆ. ಮೊದಮೊದಲು ನನಗೆ ಮುಜುಗರ. ಈಗ ನಾನೇ ಶುರು ಮಾಡುತ್ತೇನೆ.

ಆದರೆ ಕಾರಿಲ್ಲದೆ ನಡೆಯಲ್ಲ. ಕನ್ನಡ ಕೇಳಬೇಕೆಂದರೆ ಎರಡು ಗಂಟೆ ಓಡಿಸಿ ಅಟ್ಲಾಂಟಾಗೇ ಹೋಗಬೇಕು. ಯುಗಾದಿಗೆ ಹೋಗಿದ್ದೆವು, ಬರುವಾಗ ಡಿಕ್ಕಿ ತುಂಬಾ ಸೋನಾ ಮಸೂರಿ, ಕರಿಬೇವು. ಭಾನುವಾರ ಬೆಳಿಗ್ಗೆ ಊರೆಲ್ಲ ಚರ್ಚಿನಲ್ಲಿ. ರಸ್ತೆ ಖಾಲಿ, ನನ್ನ ಮಗ ಸೈಕಲ್ ಕಲಿತದ್ದು ಹಾಗೆಯೇ.

ವಸಂತದಲ್ಲಿ ಸುಂಟರಗಾಳಿ ಎಚ್ಚರಿಕೆ ಬರುತ್ತದೆ ಅಂತ ಮಾತ್ರ ಯಾರೂ ಹೇಳಲಿಲ್ಲ, ಅಲ್ವಾ?