ಕೆಲಸ ಬಿಟ್ಟು ಫಿಗರ್ ಪೇಂಟಿಂಗ್‌ಗೆ: ಮೊದಲು ಯಾವುದು ಸರಿಹೋಗಬೇಕು?

ಸಂಜೆಕುಂಚ: ಲೆಕ್ಕಪತ್ರದ ಕೆಲಸದಿಂದ ಪೂರ್ಣಾವಧಿ ಫಿಗರ್ ಪೇಂಟಿಂಗ್‌ಗೆ (ಮನುಷ್ಯರ ಆಕೃತಿಯ ಚಿತ್ರಕಲೆಗೆ) ಬರುವ ಆಲೋಚನೆ. ದಿನಕ್ಕೆ ಸಿಗುವುದು ಒಂದೂವರೆ ಗಂಟೆ. ಫೋಟೊ ನೋಡಿ ಬರೆದರೆ ಹೋಲಿಕೆ ಬರುತ್ತದೆ. ಎದುರಿಗೆ ಆಳು ನಿಂತರೆ ತಲೆ ದೊಡ್ಡದು, ಕಾಲು ಗಿಡ್ಡ. ಎಲ್ಲಿಂದ ಸರಿಮಾಡಲಿ? ಕೆಲಸ ಯಾವಾಗ ಬಿಡಬಹುದು ಅನ್ನೋದಕ್ಕೆ ಏನಾದರೂ ಅಳತೆ ಇದೆಯಾ?

ಇದ್ದಿಲುಚೂರು: ಬೋರ್ಡ್ ತೊಡೆ ಮೇಲೆ ಮಲಗಿಸಿಕೊಂಡು ಬರೀತೀರಾ? ಹಾಗಿದ್ದರೆ ಅರ್ಧ ತಪ್ಪು ಅಲ್ಲೇ. ಮಲಗಿದ ಕಾಗದದ ಮೇಲ್ತುದಿ ಕಣ್ಣಿಗೆ ದೂರ, ಚಿಕ್ಕದಾಗಿ ಕಾಣುತ್ತದೆ. ಅದನ್ನು ಸರಿದೂಗಿಸಲು ಕೈ ತಾನಾಗಿ ತಲೆಯನ್ನು ಹಿಗ್ಗಿಸುತ್ತದೆ. ಬೋರ್ಡನ್ನು ನೆಟ್ಟಗೆ ನಿಲ್ಲಿಸಿ. ಇನ್ನರ್ಧ ತಪ್ಪು ಕಣ್ಣು-ಮೂಗಿನಿಂದ ಶುರು ಮಾಡುವುದರಲ್ಲಿ: ಕಾಲಿಗೆ ಬರುವಷ್ಟರಲ್ಲಿ ಕಾಗದ ಮುಗಿದಿರುತ್ತದೆ. ಮೊದಲು ನೆತ್ತಿಗೊಂದು, ಹಿಮ್ಮಡಿಗೊಂದು ಗುರುತು ಹಾಕಿ. ನಿಂತ ವಯಸ್ಕರಲ್ಲಿ ಇವೆರಡರ ನಡುಮಟ್ಟ ಹೆಚ್ಚುಕಡಿಮೆ ತೊಡೆಸಂದಿಗೆ ಬರುತ್ತದೆ, ಹೊಕ್ಕುಳಿಗಲ್ಲ. ಒಟ್ಟು ಎತ್ತರ ತಲೆಯ ಉದ್ದದ ಏಳರಿಂದ ಏಳೂವರೆ ಪಟ್ಟು. ಪೆನ್ಸಿಲನ್ನು ಮಾಡೆಲ್ ಕಡೆಗೆ ಹಿಡಿದು ಅಳೆಯುವಾಗ ಒಂದು ಕಣ್ಣು ಮುಚ್ಚಿ, ಮೊಣಕೈ ಪೂರ್ತಿ ಚಾಚಿ. ಚೂರು ಮಡಿಸಿದರೂ ಅಳತೆ ಕೆಟ್ಟಿತು.

ನಿಮ್ಮ ಒಂದೂವರೆ ಗಂಟೆಯಲ್ಲಿ ಇಪ್ಪತ್ತು ನಿಮಿಷ ಎರಡೆರಡು ನಿಮಿಷದ ಭಂಗಿಗಳಿಗೆ ಕೊಡಿ. ಉಳಿದದ್ದೆಲ್ಲ ಒಂದೇ ಭಂಗಿ, ಅದೂ ವಾರಪೂರ್ತಿ. ಮಾಡೆಲ್ ಸಿಗದ ದಿನ ಕನ್ನಡಿ ಇದೆ. ವ್ಯಾನ್ ಗೋ ಗ್ಯಾಲರಿ ಕೆಲಸ, ಮೇಷ್ಟರಿಕೆ, ಧರ್ಮಪ್ರಚಾರ ಎಲ್ಲ ಆದಮೇಲೆ, 1880ರಲ್ಲಿ 27ರ ವಯಸ್ಸಿನಲ್ಲಿ, ಕೂತು ನಕಲು ಮಾಡಿದ್ದು ಫ್ರೆಂಚ್ ಚಿತ್ರಕಾರ ಶಾರ್ಲ್ ಬಾರ್ಗ್‌ನ ಅಭ್ಯಾಸದ ಹಾಳೆಗಳನ್ನು. ಬಾಗಿದ ಅಂಚನ್ನು ಮೊದಲು ನೇರ ಗೆರೆಗಳಾಗಿ ಒಡೆಯುವುದನ್ನು ಅವು ಈಗಲೂ ಚೆನ್ನಾಗಿ ಕಲಿಸುತ್ತವೆ.

ಹಳದಿಮಣ್ಣು: ಎಣ್ಣೆಬಣ್ಣಕ್ಕೆ ಇಳಿದಾಗ ನಾಲ್ಕೇ ಟ್ಯೂಬ್ ಸಾಕು: ಬಿಳಿ, ಯೆಲ್ಲೋ ಓಕರ್, ಕ್ಯಾಡ್ಮಿಯಂ ರೆಡ್, ಐವರಿ ಬ್ಲ್ಯಾಕ್. ಕಪ್ಪು-ಬಿಳಿ ಬೆರೆತ ಬೂದು ಬಣ್ಣ, ಕೆಂಪು ಮೈಬಣ್ಣದ ಪಕ್ಕ ನೀಲಿಯಾಗಿಯೇ ಕಾಣುತ್ತದೆ. ಆದರೆ ನೆರಳಿಗೆ ಬರೀ ಕಪ್ಪು ಸುರಿದರೆ ಮೈ ಮಸಿ ಹಿಡಿದಂತಾಗುತ್ತದೆ, ಅಲ್ಲೂ ಕೆಂಪು ಇರಲಿ. ತಳದ ಪದರಕ್ಕೆ ಮಾತ್ರ ಐವರಿ ಬ್ಲ್ಯಾಕ್ ಬೇಡ. ಅದು ನಿಧಾನಕ್ಕೆ ಒಣಗುತ್ತದೆ, ಮೇಲಿನ ಪದರ ಮೊದಲೇ ಬಿಗಿದು ಬಿರುಕು ಬಿಡುತ್ತದೆ. ತಳಕ್ಕೆಂದೇ ಇನ್ನೊಂದು ಟ್ಯೂಬ್, ಬರ್ಂಟ್ ಅಂಬರ್ (ಗಾಢ ಕಂದು), ತೆಳ್ಳಗೆ ಹಚ್ಚಿ. ಲಿನ್‌ಸೀಡ್ (ಅಗಸೆ) ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ.

ಈಸಲ್‌ಕಾಲು: ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ಒಂದು ಒಳ್ಳೆ ಚಿತ್ರ ಅಳತೆಯಲ್ಲ. ಒಂದೇ ಕೈಯ ಕೆಲಸ ಅನ್ನಿಸುವ 12–15 ಚಿತ್ರ ಕೈಯಲ್ಲಿರಬೇಕು, ಪ್ರತಿಯೊಂದಕ್ಕೂ ಎಷ್ಟು ಗಂಟೆ ಹಿಡಿಯಿತೆಂದು ಬರೆದಿಟ್ಟಿರಬೇಕು. ಆ ಲೆಕ್ಕ ಇಲ್ಲದೆ ಬೆಲೆ ಹೇಳುವವರು ಮೂರನೇ ಆರ್ಡರ್‌ಗೇ ಸುಸ್ತಾಗುತ್ತಾರೆ (ಲೆಕ್ಕಪತ್ರದವರಿಗೆ ಇದನ್ನು ಹೇಳಬೇಕಾ!). ಭಾವಚಿತ್ರದ ಆರ್ಡರ್‌ಗೆ ಅರ್ಧ ಮುಂಗಡ. ಸ್ಕೆಚ್ ಒಪ್ಪಿದ ಮೇಲೆ ಬದಲಾವಣೆಗೆ ಬೇರೆ ಹಣ, ಬರಹದಲ್ಲೇ ಇರಲಿ. ಒಣಗುವ ದಿನಗಳನ್ನೂ ಸೇರಿಸಿಯೇ ತಾರೀಕು ಕೊಡಿ. ಕೊನೆಯ ವಾರ್ನಿಶ್‌ಗೆ ಸಾಮಾನ್ಯವಾಗಿ ಆರು ತಿಂಗಳಾದರೂ ಕಾಯಬೇಕು.

ಸಂಜೆಕುಂಚ: ಬೋರ್ಡ್ ತೊಡೆ ಮೇಲೇ ಇತ್ತು. ಆರ್ಡರ್‌ಗೆ ಫೋಟೊ ಬಳಸುವುದಾದರೆ?

ಇದ್ದಿಲುಚೂರು: ನೀವೇ ತೆಗೆಯಿರಿ, ಎರಡೂವರೆ-ಮೂರು ಮೀಟರ್ ದೂರ ನಿಂತು ಝೂಮ್ ಮಾಡಿ. ಮುಖದ ಹತ್ತಿರ ಫೋನ್ ಹಿಡಿದರೆ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಫ್ಲ್ಯಾಶ್ ಬೇಡ, ಬೆಳಕು ಒಂದೇ ಕಿಟಕಿಯಿಂದ ಬರಲಿ.