ಮಳೆ ಹಿಡಿದರೆ ಮಾತ್ರೆ ಪೌಚ್ ಮೆಷಿನ್ ಕೈಕೊಡುತ್ತದೆ: ರೋಟರ್ ಬಿಗಿ, ಸೀಲ್ ಬಿಡುತ್ತದೆ, ಯಾವ ಪಾರ್ಟ್ ಬದಲಿಸಬೇಕು?

ಪೇಟೆ ಫಾರ್ಮಸಿ, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆ ಫಾರ್ಮಸಿಯಲ್ಲಿ 60 ಕ್ಯಾನಿಸ್ಟರಿನ (ಒಂದೊಂದು ಬಗೆಯ ಮಾತ್ರೆಗೆ ಒಂದೊಂದು ಡಬ್ಬಿ) ಪೌಚ್ ಮೆಷಿನ್ ಇದೆ. ಒಬ್ಬೊಬ್ಬ ರೋಗಿಯ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಡೋಸನ್ನು ಬೇರೆ ಬೇರೆ ಪೌಚಿಗೆ ಇಳಿಸಿ, ಪ್ರಿಂಟ್ ಹಾಕಿ, ಸೀಲ್ ಮಾಡಿ ಕೊಡುತ್ತದೆ. ಹಳೆಯ ಮಾಡೆಲ್, ಕಂಪನಿಯ ಸ್ಪೇರ್ ಸಿಗುವುದಿಲ್ಲ. ಮೇ ತನಕ ತೊಂದರೆಯಿಲ್ಲ, ಮಳೆ ಹಿಡಿದ ಮೇಲೆ ಮೂರು ಸಮಸ್ಯೆ.

ಒಂದು, ಹೊರಗೆ ಲೇತಿನಲ್ಲಿ ಮಾಡಿಸಿದ ನೈಲಾನ್ ರೋಟರ್ (ತಳದಲ್ಲಿ ತಿರುಗಿ ಒಂದೊಂದೇ ಮಾತ್ರೆ ಬೀಳಿಸುವ ಚಕ್ರ) ಇರುವ ಕ್ಯಾನಿಸ್ಟರುಗಳು ಬಿಗಿಯಾಗಿ ಮೋಟರ್ ಬರೀ ಗುಂಯ್‌ಗುಡುತ್ತದೆ. ಕಂಪನಿಯ ಹಳೆ ರೋಟರುಗಳು ಸಲೀಸಾಗಿ ತಿರುಗುತ್ತವೆ. ಎರಡು, 0 ಸೈಜಿನ ಕ್ಯಾಪ್ಸೂಲ್ ಒಮ್ಮೆ ಬೀಳುವುದೇ ಇಲ್ಲ, ಒಮ್ಮೆ ಎರಡು ಬೀಳುತ್ತವೆ. ಮೂರು, ಪೌಚಿನ ಅಡ್ಡ ಸೀಲ್ ಎಡತುದಿಯಲ್ಲಿ ಮಾತ್ರ ಬಿಟ್ಟುಕೊಳ್ಳುತ್ತದೆ. ಜೊತೆಗೆ ಬೆಳಿಗ್ಗೆ ಹೀಟರ್ ಹಾಕಿದ ಕೂಡಲೇ ಇಎಲ್‌ಸಿಬಿ (ಕರೆಂಟ್ ಲೀಕಾದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ, ಎರಡು ಮೂರು ಸಲ ಎತ್ತಿದರೆ ನಿಲ್ಲುತ್ತದೆ.

ಕೋಣೆ 10×12 ಅಡಿ, ಎಸಿ ಇದೆ. ತೇವದ ಮೀಟರ್ 82% ತೋರಿಸುತ್ತಿದೆ. ಯಾವುದರಿಂದ ಶುರು ಮಾಡಲಿ?

ಲೇತ್ ಕೆಲಸ, ಕುಶಾಲನಗರ

ರೋಟರ್ ವಿಷಯ ನಾನು ಹೇಳುತ್ತೇನೆ. ನೈಲಾನ್ ನೀರು ಕುಡಿಯುತ್ತದೆ, ಅದೇ ಕಾರಣ. ನೈಲಾನ್ 6 ಪೂರ್ತಿ ನೆನೆದರೆ ತೂಕದ ಸುಮಾರು 9% ನೀರು ಹೀರುತ್ತದೆ. ಕಕ್ಕಡದ (ಕೊಡಗಿನ ಜೋರು ಮಳೆ ತಿಂಗಳ) ಗಾಳಿಯಲ್ಲಿ ವಾರಗಟ್ಟಲೆ ಕೂತರೆ ಅದರ ಅರ್ಧದಷ್ಟಾದರೂ ಏರುತ್ತದೆ. ಒಂದೊಂದು ಶೇಕಡಾ ನೀರಿಗೂ ಅಳತೆ 0.2ರಿಂದ 0.3% ಹಿಗ್ಗುತ್ತದೆ. ಅಂದರೆ 60 ಮಿ.ಮೀ. ವ್ಯಾಸದ ರೋಟರ್ 4% ನೀರು ಕುಡಿದರೆ ಅರ್ಧ ಮಿ.ಮೀ. ಆಸುಪಾಸು ದೊಡ್ಡದಾಯಿತು. ಸುತ್ತ ಇರುವ ಗ್ಯಾಪೇ ಬದಿಗೆ 0.2 ಮಿ.ಮೀ. ಇದ್ದರೆ ಅದು ತಿರುಗುವುದು ಹೇಗೆ? ಬೇಸಿಗೆಯಲ್ಲಿ ತಿರುವಿ ಫಿಟ್ ಮಾಡಿದ್ದರಿಂದಲೇ ಮೇ ತನಕ ಓಡಿದೆ.

ಬುಶ್‌ಗಳನ್ನೂ ನೋಡಿ. ಲೋಹದ ಮನೆಯೊಳಗೆ ಒತ್ತಿ ಕೂರಿಸಿದ ನೈಲಾನ್ ಬುಶ್‌ಗೆ ಹೊರಕ್ಕೆ ಹಿಗ್ಗಲು ಜಾಗವಿಲ್ಲ, ಒಳಕ್ಕೆ ಹಿಗ್ಗಿ ಶಾಫ್ಟನ್ನು ಹಿಡಿಯುತ್ತದೆ. ರೋಟರ್ ಬದಲಿಸಿದ ಮೇಲೂ ಬಿಗಿ ಉಳಿದರೆ ಕಾರಣ ಅದೇ.

ಅಸಿಟಾಲ್ ರಾಡಿನಲ್ಲಿ ಮಾಡಿಸಿ. ಅಂಗಡಿಯಲ್ಲಿ ಡೆಲ್ರಿನ್ ಅಥವಾ ಪಿಒಎಂ ಅಂತ ಕೇಳಿ. ಅದು ಪೂರ್ತಿ ನೆನೆದರೂ ಕುಡಿಯುವ ನೀರು 1%ಗಿಂತ ಕಡಿಮೆ. ಮೈಸೂರಿನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆ. ಬಿಳಿ ನೈಲಾನನ್ನೇ ಡೆಲ್ರಿನ್ ಅಂತ ಕೊಡುವುದುಂಟು, ಆದ್ದರಿಂದ ಒಂದು ತುಂಡು ಕೊಯ್ದು ಪರೀಕ್ಷೆ ಮಾಡಿ. ಲೋಟದ ನೀರಿಗೆ ಅಡುಗೆ ಉಪ್ಪನ್ನು ಇನ್ನು ಕರಗದಷ್ಟು ಹಾಕಿ ಕದಡಿ, ತಿಳಿಯಾದ ಮೇಲೆ ತುಂಡು ಬಿಡಿ. ಆ ಉಪ್ಪುನೀರಿನ ಸಾಂದ್ರತೆ ಸುಮಾರು 1.2. ನೈಲಾನ್ 1.14, ತೇಲುತ್ತದೆ. ಅಸಿಟಾಲ್ 1.41, ಮುಳುಗುತ್ತದೆ. ಬರೀ ನೀರಿನಲ್ಲಿ ಎರಡೂ ಮುಳುಗುವುದರಿಂದ ಉಪ್ಪು ಬೇಕೇ ಬೇಕು.

ತಿರುವುವಾಗ ಮೊದಲು 0.5 ಮಿ.ಮೀ. ಮಿಕ್ಕಿಸಿ ರಫ್ ಕಟ್ ಹೊಡೆದು, ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನ ಫಿನಿಶ್ ಮಾಡಲಿ. ರಾಡಿನ ಒಳಗಿನ ಬಿಗಿತ ಬಿಟ್ಟುಕೊಳ್ಳಲು ಅಷ್ಟು ಹೊತ್ತು ಬೇಕು. ಟೂಲ್ ಹರಿತವಿರಲಿ. ಬಿಸಿ ಇರುವಾಗ ಅಳೆಯಬಾರದು: 10 ಡಿಗ್ರಿ ವ್ಯತ್ಯಾಸಕ್ಕೆ 60 ಮಿ.ಮೀ. ತುಂಡು 0.06 ಮಿ.ಮೀ. ಬದಲಾಗುತ್ತದೆ. ಕಟು ವಾಸನೆ ಬಂದರೆ ವಸ್ತು ಸುಡುತ್ತಿದೆ, ಸ್ಪೀಡ್ ಇಳಿಸಿ ಕಿಟಕಿ ತೆರೆಯಬೇಕು, ಆ ಹೊಗೆ ಫಾರ್ಮಾಲ್ಡಿಹೈಡ್.

ಕಾಡಿಯ (ರೋಟರಿನಲ್ಲಿ ಮಾತ್ರೆ ಕೂರುವ ಕೊರೆತದ) ಅಳತೆಗೆ ಒಂದು ಮಾತ್ರೆ ನಂಬಬೇಡಿ. 20 ಮಾತ್ರೆ ಅಳೆದು ಅತಿ ದೊಡ್ಡದಕ್ಕೆ 0.4ರಿಂದ 0.5 ಮಿ.ಮೀ. ಸೇರಿಸಿ. ಕಾಡಿಯ ಬಾಯಿಗೆ 0.5 ಮಿ.ಮೀ. ಚಾಂಫರ್ (ಅಂಚಿಗೆ ಓರೆ) ಕೊಡದಿದ್ದರೆ ಚೂಪು ಅಂಚು ಮಾತ್ರೆಯ ಕೋಟಿಂಗ್ ಕೆರೆದು ಪುಡಿ ಮಾಡುತ್ತದೆ. ನೀಲಿ ರಾಡ್ ಸಿಕ್ಕರೆ ನೀಲಿಯೇ ತೆಗೆದುಕೊಳ್ಳಿ, ಆದರೆ ಆಹಾರ ದರ್ಜೆಯದ್ದೇ ಆಗಿರಲಿ. ಬಿಳಿ ರೋಟರಿನ ಚೂರು ಮಾತ್ರೆಯ ಚೂರಿನಂತೆಯೇ ಕಾಣುತ್ತದೆ, ನೀಲಿ ಕಣ್ಣಿಗೆ ಹೊಡೆಯುತ್ತದೆ.

ತ್ರೀಡಿ ಪ್ರಿಂಟ್ ಮಾಡಿದ ರೋಟರ್ ಬೇಡ. ಪದರ ಪದರದ ಗೆರೆಗಳಲ್ಲಿ ಪುಡಿ ಕೂತರೆ ತೊಳೆದರೂ ಹೋಗುವುದಿಲ್ಲ, ಒಂದು ಔಷಧಿಯ ಪುಡಿ ಇನ್ನೊಂದಕ್ಕೆ ಹೋಗುತ್ತದೆ. ಅಳತೆ ನೋಡಲು ಮಾದರಿಯಾಗಿ ಮಾಡಿಕೊಳ್ಳಬಹುದು, ಅಷ್ಟೇ.

ಪ್ಯಾಕಿಂಗ್ ಲೈನ್

ಸೀಲಿನ ಬಗ್ಗೆ. ಒಂದೇ ತುದಿ ಬಿಡುತ್ತಿದ್ದರೆ ದಯವಿಟ್ಟು ಟೆಂಪರೇಚರ್ ಏರಿಸಬೇಡಿ. ಏರಿಸಿದರೆ ಬಲಗಡೆ ಸುಟ್ಟು ಸುಕ್ಕಾಗುತ್ತದೆ, ಎಡಗಡೆ ಇದ್ದ ಹಾಗೇ ಇರುತ್ತದೆ.

ಮೊದಲು ಒತ್ತಡ. ಮೆಷಿನ್ ತಣ್ಣಗಿರುವಾಗ ಒಂದು ಬಿಳಿ ಹಾಳೆ, ಒಂದು ಕಾರ್ಬನ್ ಪೇಪರ್ ಸೀಲ್ ಒತ್ತುವ ಎರಡೂ ಜಾಗಳ (ಬಿಸಿ ದವಡೆಗಳ) ನಡುವೆ ಇಟ್ಟು ಒಮ್ಮೆ ಮುಚ್ಚಿಸಿ. ಅಚ್ಚು ಉದ್ದಕ್ಕೂ ಒಂದೇ ಸಮ ಕಪ್ಪಾಗಿ ಬರಬೇಕು. ಎಡಗಡೆ ಮಸುಕಾಗಿದ್ದರೆ ಜಾ ಓರೆಯಾಗಿದೆ, ಅಥವಾ ಆ ಬದಿಯ ಸ್ಪ್ರಿಂಗ್ ಸತ್ತಿದೆ. ಸ್ಪ್ರಿಂಗನ್ನು ಜೋಡಿಯಾಗಿಯೇ ಬದಲಿಸಿ. ಜಾದ ಮೇಲಿನ ಟೆಫ್ಲಾನ್ ಬಟ್ಟೆ ಕಂದಾಗಿ ಅಂಟು ಹಿಡಿದಿದ್ದರೆ ಅದನ್ನೂ ಬದಲಿಸಿ, ಒಂದರ ಮೇಲೊಂದು ಅಂಟಿಸಬೇಡಿ.

ಅಚ್ಚು ಸಮ ಬಂದರೆ ಹೀಟರ್. ಒಂದು ಜಾದಲ್ಲಿ ಎರಡು ಕಾರ್ಟ್ರಿಜ್ ಹೀಟರ್ (ತೂತಿನೊಳಗೆ ಕೂರುವ ಕಡ್ಡಿ ಹೀಟರ್) ಇದ್ದು ಎಡಗಡೆಯದು ಸತ್ತಿದ್ದರೆ, ಥರ್ಮೋಕಪಲ್ (ಶಾಖ ಅಳೆಯುವ ಸೆನ್ಸರ್) ಬಲಗಡೆ ಇರುವ ಕಾರಣ ಕಂಟ್ರೋಲರ್ ಎಲ್ಲ ಸರಿ ಅಂತಲೇ ತೋರಿಸುತ್ತದೆ. ಕರೆಂಟ್ ತೆಗೆದು, ವೈರ್ ಬಿಚ್ಚಿ, ಮಲ್ಟಿಮೀಟರ್‌ನಲ್ಲಿ ಓಮ್ಸ್ ನೋಡಿ. 230 ವೋಲ್ಟಿನ 100 ವ್ಯಾಟ್ ಹೀಟರ್ ಸುಮಾರು 530 ಓಮ್ಸ್, 150 ವ್ಯಾಟಿನದು ಸುಮಾರು 350 ಓಮ್ಸ್ ತೋರಿಸಬೇಕು. ಏನೂ ತೋರಿಸದಿದ್ದರೆ ತುಂಡಾಗಿದೆ. ಹೊಸದು ತರುವಾಗ ವ್ಯಾಸ ಸರಿ ನೋಡಿ. ತೂತಿನಲ್ಲಿ ಲೊಡಲೊಡ ಅಂದರೆ ಶಾಖ ಜಾಕ್ಕೆ ದಾಟದೆ ಹೀಟರೇ ಒಳಗೆ ಸುಡುತ್ತದೆ. ಥರ್ಮೋಕಪಲ್ ತುದಿ ತೂತಿನ ತಳಕ್ಕೆ ತಾಗಿರಬೇಕು. ಸಡಿಲವಾದರೆ ಕಡಿಮೆ ಓದುತ್ತದೆ, ಕಂಟ್ರೋಲರ್ ಇನ್ನಷ್ಟು ಕಾಯಿಸುತ್ತದೆ.

ಇಎಲ್‌ಸಿಬಿ ಬೀಳುವುದಕ್ಕೂ ಕಾರಣ ಹೀಟರಿನೊಳಗಿನ ತೇವ. ಕಾಯಿಲಿನ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ರಾತ್ರಿಯಿಡೀ ಗಾಳಿಯ ನೀರು ಎಳೆದುಕೊಂಡು ಬೆಳಿಗ್ಗೆ ಹೀಟರಿನ ಹೊರ ಲೋಹಕ್ಕೆ ಕರೆಂಟ್ ಲೀಕ್ ಮಾಡುತ್ತದೆ. ನಾಲ್ಕು ಸಲ ಎತ್ತುವಷ್ಟರಲ್ಲಿ ಸ್ವಲ್ಪ ಬಿಸಿಯಾಗಿ ಒಣಗುತ್ತದೆ, ಅದಕ್ಕೇ ಆಮೇಲೆ ನಿಲ್ಲುತ್ತದೆ. ಹಾಗೆ ಎತ್ತುತ್ತಾ ಇರಬೇಡಿ, ಇಎಲ್‌ಸಿಬಿಯನ್ನು ಬೈಪಾಸ್ ಮಾಡುವ ಯೋಚನೆಯಂತೂ ಬೇಡವೇ ಬೇಡ, ಕೈ ಇಡುವ ಮೆಷಿನ್ ಅದು. ಎಲೆಕ್ಟ್ರಿಷಿಯನ್ ಕರೆಸಿ 500 ವೋಲ್ಟ್ ಮೆಗ್ಗರ್‌ನಲ್ಲಿ (ಕರೆಂಟ್ ಲೀಕ್ ಪರೀಕ್ಷಿಸುವ ಮೀಟರ್) ನೋಡಿಸಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಹೀಟರ್ ಬಿಚ್ಚಿ 120 ಡಿಗ್ರಿ ಒವನ್‌ನಲ್ಲಿ ಮೂರು ನಾಲ್ಕು ಗಂಟೆ ಒಣಗಿಸಿ ಮತ್ತೆ ಅಳೆಯಿರಿ. ಏರದಿದ್ದರೆ ಎಸೆಯಿರಿ.

ಇಷ್ಟು ಮಾಡಿಯೂ ಸೀಲಿನಲ್ಲಿ ಸಣ್ಣ ಗುಳ್ಳೆ ಬಂದರೆ ಫಿಲ್ಮ್ ರೋಲ್ ನೋಡಿ. ಸೆಲ್ಲೋಫೇನ್ ಅಥವಾ ಕಾಗದದ ಹೊರಪದರ ತೇವ ಹಿಡಿದಿದ್ದರೆ ಜಾದ ಶಾಖಕ್ಕೆ ಆವಿಯಾಗುತ್ತದೆ. ಒಳಗಿನ ಎಲ್‌ಡಿಪಿಇ ಪ್ಲಾಸ್ಟಿಕ್ ಪದರ ಕರಗುವುದು 105ರಿಂದ 115 ಡಿಗ್ರಿಯಲ್ಲಿ, ಹೊರಪದರ ಒದ್ದೆಯಿದ್ದರೆ ಶಾಖ ಅಷ್ಟರಲ್ಲೇ ಖರ್ಚಾಗಿ ಒಳಕ್ಕೆ ತಲುಪುವುದು ಕಡಿಮೆ. ರೋಲನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಕಟ್ಟಿಡಿ, ಕೆಲಸ ಮುಗಿದ ಮೇಲೆ ಮೆಷಿನ್ ಮೇಲೆ ರಾತ್ರಿ ಬಿಡಬೇಡಿ. ಸೀಲ್ ಪರೀಕ್ಷೆಗೆ ಖಾಲಿ ಪೌಚನ್ನು ಗಾಳಿ ಸಮೇತ ಸೀಲ್ ಮಾಡಿಸಿ ನೀರಿನೊಳಗೆ ಮೆಲ್ಲಗೆ ಒತ್ತಿ. ಗುಳ್ಳೆ ಎಲ್ಲಿಂದ ಏಳುತ್ತದೋ ದೋಷ ಅಲ್ಲಿ.

ಔಷಧ ದಾಸ್ತಾನು, ಮಡಿಕೇರಿ

ಕ್ಯಾಪ್ಸೂಲಿನ ತೊಂದರೆ ಮೆಷಿನ್ನಿನದಲ್ಲ ಮೇಡಂ, ಕೋಣೆಯದು. ಜೆಲಟಿನ್ ಕ್ಯಾಪ್ಸೂಲಿನ ಚಿಪ್ಪಿನಲ್ಲಿ 13ರಿಂದ 16% ನೀರು ಇರಬೇಕು. ಹೆಚ್ಚಾದರೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ಕಡಿಮೆಯಾದರೆ ಗಾಜಿನಂತೆ ಒಡೆಯುತ್ತವೆ. ಅದಕ್ಕೆ ಕೋಣೆಯ ತೇವ 35ರಿಂದ 65% ಒಳಗೆ ಇರಬೇಕು, ನಿಮ್ಮಲ್ಲಿ 82. ಅಂಟಿಕೊಂಡ ಎರಡು ಜೊತೆಯಾಗಿ ಬಿದ್ದಾಗ ಸೆನ್ಸರಿಗೆ ನಡುವೆ ಬೆಳಕೇ ಕಾಣದೆ ಒಂದು ಅಂತ ಎಣಿಸುತ್ತದೆ. ರೋಗಿಗೆ ಎರಡು ಡೋಸ್ ಹೋಗುವ ದಾರಿ ಇದು. ತೇವ ಇಳಿಯುವ ತನಕ ಕ್ಯಾಪ್ಸೂಲನ್ನು ಮೆಷಿನ್ನಿನಿಂದ ತೆಗೆದು ಕೈಯಲ್ಲೇ ಕೊಡಿ, ಕ್ಯಾಪ್ಸೂಲ್ ಇರುವ ಪ್ರತಿ ಪೌಚನ್ನೂ ಕಣ್ಣಿಂದ ಎಣಿಸಿ.

ಮೀಟರ್ ಸರಿಯಿದೆಯೇ ಅಂತ ಮೊದಲು ನೋಡಿಕೊಳ್ಳಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ನೀರು ಬೆರೆಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಇಡಿ. 75% ತೋರಿಸಬೇಕು. 80 ತೋರಿಸಿದರೆ ನಿಮ್ಮ ಮೀಟರ್ 5 ಹೆಚ್ಚು ಹೇಳುತ್ತದೆ.

ಇನ್ನೊಂದು ಮುಖ್ಯ ವಿಷಯ. ನಮ್ಮಲ್ಲಿ ಹೆಚ್ಚಿನ ಮಾತ್ರೆ ಸ್ಟ್ರಿಪ್ಪಿನಲ್ಲೇ ಬರುವುದರಿಂದ ಬಿಡಿಸಿ ಕ್ಯಾನಿಸ್ಟರಿಗೆ ತುಂಬಬೇಕು. ಎಲ್ಲವನ್ನೂ ಹಾಗೆ ಬಿಡಿಸಬಾರದು. ಸೋಡಿಯಂ ವಾಲ್‌ಪ್ರೊಯೇಟ್ ಗಾಳಿಯ ನೀರು ಹೀರುತ್ತದೆ. ಡಬಿಗಾಟ್ರಾನ್ ಮೂಲ ಪ್ಯಾಕಿನಲ್ಲೇ ಇರಬೇಕು. ನಾಲಗೆ ಕೆಳಗಿಡುವ ನೈಟ್ರೋಗ್ಲಿಸರಿನ್ ಅದರ ಬಾಟಲಿಯಲ್ಲೇ ಇರಬೇಕು. ನೀರಿನಲ್ಲಿ ನೊರೆಯುಕ್ಕುವ ಮಾತ್ರೆ, ಬಾಯಲ್ಲೇ ಕರಗುವ ಮಾತ್ರೆ ಬೇಡ. ಮೆಥೊಟ್ರೆಕ್ಸೇಟ್ (ಕ್ಯಾನ್ಸರ್, ಸಂಧಿವಾತದ ಔಷಧಿ) ಅಂಥವುಗಳ ಪುಡಿ ಬೇರೆಯವರ ಪೌಚಿಗೆ ಹೋಗಬಾರದು, ಅವನ್ನು ಮೆಷಿನ್ ಹತ್ತಿರವೇ ತರಬೇಡಿ. ಕ್ಯಾನಿಸ್ಟರ್ ತೆರೆದಾಗ ವಿನೆಗರ್ ವಾಸನೆ ಬಂದರೆ ಆಸ್ಪಿರಿನ್ ತೇವಕ್ಕೆ ಒಡೆಯುತ್ತಿದೆ, ಆ ಕ್ಯಾನಿಸ್ಟರಿನಲ್ಲಿ ಇರುವುದನ್ನೆಲ್ಲ ಬದಿಗಿಡಿ.

ಸ್ಟ್ರಿಪ್ ಬಿಡಿಸುವಾಗ ಫಾಯಿಲ್ ಚೂರು ಜೊತೆಗೆ ಬೀಳುತ್ತದೆ. ಜರಡಿ ಹಿಡಿದು, ಅರ್ಧ ಮುರಿದ ಮಾತ್ರೆ ಆರಿಸಿದ ಮೇಲೆಯೇ ತುಂಬಿ. ರೋಟರ್ ಸಿಕ್ಕಿಕೊಂಡಾಗ ಬಿಚ್ಚಿ ನೋಡಿದರೆ ಬಹಳ ಸಲ ಅಲ್ಲಿರುವುದು ಆ ಫಾಯಿಲ್ ಚೂರು.

ಪೇಟೆ ಫಾರ್ಮಸಿ, ವಿರಾಜಪೇಟೆ

ತುಂಬಾ ಉಪಕಾರವಾಯಿತು. ಕಾರ್ಬನ್ ಅಚ್ಚು ಎರಡೂ ಬದಿ ಸಮ ಬಂತು, ಎಡಗಡೆಯ ಹೀಟರ್ ಓಮ್ಸ್ ತೋರಿಸುತ್ತಿಲ್ಲ. ಎರಡು ಪ್ರಶ್ನೆ: ಎಸಿ ಇಡೀ ದಿನ ಓಡಿದರೂ ತೇವ ಯಾಕೆ ಇಳಿಯುವುದಿಲ್ಲ? ಕುಶಾಲನಗರದ ಅಣ್ಣ, ಕ್ಯಾಪ್ಸೂಲ್ ರೋಟರಿನ ಮೇಲೆ ಅಡ್ಡ ಬರುವ ತೆಳು ಬ್ಲೇಡಿಗೆ ಅಳತೆ ಹೇಗೆ?

ಪ್ಯಾಕಿಂಗ್ ಲೈನ್

ಎಸಿ ಗಾಳಿಯಿಂದ ನೀರು ತೆಗೆಯುವುದು ಅದರ ಕಂಪ್ರೆಸರ್ ಓಡುವಾಗ ಮಾತ್ರ. ಹೊರಗೇ 20 ಡಿಗ್ರಿ ಇರುವಾಗ ಕಂಪ್ರೆಸರ್ ನಿಂತು ಬರೀ ಫ್ಯಾನ್ ತಿರುಗುತ್ತದೆ, ಕಾಯಿಲಿನ ಮೇಲಿದ್ದ ನೀರೂ ಕೋಣೆಗೇ ವಾಪಸ್ ಬರುತ್ತದೆ. ತಣ್ಣಗೆ ಮಾಡಿದಷ್ಟೂ ಶೇಕಡಾವಾರು ತೇವ ಏರುತ್ತದೆ. 20 ಡಿಗ್ರಿಯಲ್ಲಿ 82% ಇರುವ ಗಾಳಿಯನ್ನು ಬರೀ 25 ಡಿಗ್ರಿಗೆ ಬಿಸಿ ಮಾಡಿದರೇ 60% ಆಸುಪಾಸಿಗೆ ಇಳಿಯುತ್ತದೆ. ಎಸಿ ಆರಿಸಿ, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆದು, ಡಿಹ್ಯುಮಿಡಿಫೈಯರ್ ಇಡಿ, ಅದರ ಸ್ವಂತ ಬಿಸಿಯೂ ಕೋಣೆಗೆ ಸೇರುತ್ತದೆ. ದಿನಕ್ಕೆ ಎಷ್ಟು ಲೀಟರ್ ನೀರು ತೆಗೆಯುತ್ತದೆ ಎಂಬ ಲೆಕ್ಕ ನೋಡುವಾಗ ಎಚ್ಚರ: ಡಬ್ಬಿಯ ಮೇಲೆ ಬರೆದಿರುವುದು ಸಾಮಾನ್ಯವಾಗಿ 30 ಡಿಗ್ರಿ, 80% ತೇವಕ್ಕೆ. ನಮ್ಮ ತಂಪಿಗೆ ಅಷ್ಟು ಬರುವುದಿಲ್ಲ, ಆದ್ದರಿಂದ 20 ಲೀಟರಿನದಕ್ಕಿಂತ ಚಿಕ್ಕದು ಬೇಡ. 45ರಿಂದ 50%ಗೆ ಸೆಟ್ ಮಾಡಿ, ರಾತ್ರಿಯೂ ಓಡಲಿ.

ಜಾ ಗಾಳಿಯ ಸಿಲಿಂಡರಿನಿಂದ ಮುಚ್ಚುವುದಾದರೆ ಅದಕ್ಕೆ ಗಾಳಿ ಕೊಡುವ ಏರ್ ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಬಿಡಿ. ನಿಮಿಷಕ್ಕೆ 100 ಲೀಟರ್ ಗಾಳಿ ಎಳೆದು 7 ಬಾರ್‌ಗೆ ಒತ್ತುವ ಕಂಪ್ರೆಸರಿನಿಂದ ಈ ತೇವದಲ್ಲಿ ಗಂಟೆಗೆ 70 ಮಿ.ಲೀ. ಸುಮಾರು ನೀರು ಇಳಿಯುತ್ತದೆ. ಬಿಡದಿದ್ದರೆ ವಾಲ್ವಿಗೆ ಹೋಗಿ ತುಕ್ಕು ಹಿಡಿಸುತ್ತದೆ.

ಲೇತ್ ಕೆಲಸ, ಕುಶಾಲನಗರ

ಬ್ಲೇಡ್ ಮಾಡುವ ಕೆಲಸ ಒಂದೇ: ಕಾಡಿಯ ತಳದ ಕ್ಯಾಪ್ಸೂಲ್ ಬೀಳುವಾಗ ಅದರ ಮೇಲಿನದನ್ನು ತಡೆಯುವುದು. 0 ಸೈಜಿನ ಕ್ಯಾಪ್ಸೂಲ್ ಉದ್ದ ಸುಮಾರು 21.7, ವ್ಯಾಸ ಸುಮಾರು 7.65 ಮಿ.ಮೀ. ಆದ್ದರಿಂದ ಕಾಡಿ 8.1 ಅಗಲ, ಬ್ಲೇಡಿನ ಕೆಳಮುಖ ತಳದ ಪ್ಲೇಟಿನಿಂದ 22 ಮಿ.ಮೀ. ಎತ್ತರದಲ್ಲಿ. ಅದಕ್ಕಿಂತ ಕೆಳಗಿದ್ದರೆ ತಳದ ಕ್ಯಾಪ್ಸೂಲಿನ ತಲೆಗೆ ಹೊಡೆದು ಚಪ್ಪಟೆ ಮಾಡುತ್ತದೆ. ಮೇಲೆ ಹೋದಷ್ಟೂ ಎರಡನೆಯದರ ಹೊಟ್ಟೆಗೆ ಚುಚ್ಚುತ್ತದೆ, ಇಲ್ಲವೇ ಎರಡೂ ಒಟ್ಟಿಗೆ ಇಳಿಯುತ್ತವೆ. ತುಂಬುವ ಕಂಪನಿ ಬದಲಾದರೆ ಉದ್ದದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ, ಬ್ರ್ಯಾಂಡ್ ಬದಲಾದಾಗೆಲ್ಲ 20 ಅಳೆದು ನೋಡಿ. ಬ್ಲೇಡ್ 0.5 ಮಿ.ಮೀ. ಸ್ಟೇನ್‌ಲೆಸ್ ಶೀಟ್, ಮುಂದಿನ ಅಂಚು ಮೇಲ್ಮುಖವಾಗಿ ಇಳಿಜಾರು ತೀಡಿ ಪಾಲಿಶ್ ಮಾಡಿದ್ದಿರಲಿ, ಆಗ ಮೇಲಿನ ಕ್ಯಾಪ್ಸೂಲನ್ನು ಮೆಲ್ಲಗೆ ಎತ್ತುತ್ತದೆ.

ಬಿಚ್ಚಿದಾಗಲೇ ಬೇರಿಂಗ್ ಕೂಡ ನೋಡಿಬಿಡಿ. 608ಝಡ್‌ಝಡ್ ಇದ್ದರೆ ತೆಗೆದು 608-2ಆರ್‌ಎಸ್ ಹಾಕಿ. ಅಳತೆ ಒಂದೇ, 8×22×7, ಆದರೆ ಝಡ್‌ಝಡ್‌ನ ತಗಡಿನ ಮುಚ್ಚಳದ ಸಂದಿಯಿಂದ ತೇವವೂ ಮಾತ್ರೆ ಪುಡಿಯೂ ಒಳಹೋಗುತ್ತವೆ, ರಬ್ಬರ್ ಸೀಲ್ ತಡೆಯುತ್ತದೆ. ಮಾತ್ರೆ ಹತ್ತಿರ ಎಲ್ಲೇ ಗ್ರೀಸ್ ಬೇಕಾದರೂ ಎಚ್1 ದರ್ಜೆಯದ್ದೇ (ಆಹಾರಕ್ಕೆ ಅಕಸ್ಮಾತ್ ತಾಗಬಹುದಾದ ಕಡೆಗೆಂದೇ ಮಾಡಿದ್ದು) ಹಾಕಿ, ರೋಟರಿನ ಕಾಡಿಗಂತೂ ಯಾವ ಎಣ್ಣೆಯೂ ಬೇಡ. ಸೆನ್ಸರಿನ ಕಿಟಕಿ ಅಕ್ರಿಲಿಕ್ ಆಗಿದ್ದರೆ ಸ್ಪಿರಿಟ್ ಹಾಕಿ ಒರೆಸಬೇಡಿ, ಸಣ್ಣ ಬಿರುಕು ಬಿಟ್ಟು ಮಬ್ಬಾಗುತ್ತದೆ. ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು, ಪೂರ್ತಿ ಒಣಗಿದ ಮೇಲೆ ಕೂರಿಸಿ. ಹೊಸ ರೋಟರ್ ಹಾಕಿದ ಮೇಲೆ ಆ ಕ್ಯಾನಿಸ್ಟರಿನಿಂದ 200 ಮಾತ್ರೆ ಒಂದೊಂದಾಗಿ ಇಳಿಸಿ, ಕೈ ಎಣಿಕೆಗೂ ಸ್ಕ್ರೀನಿನ ಎಣಿಕೆಗೂ ಒಂದೂ ವ್ಯತ್ಯಾಸ ಬರದಿದ್ದರೆ ಮಾತ್ರ ರೋಗಿಗಳ ಕೆಲಸಕ್ಕೆ ಬಿಡಿ.